ಯಾವ ಸಭೆಗೆ ಹೋಗುತ್ತೀರಿ?

ಜರ್ಮನಿಯಲ್ಲಿ ಮನೆ ಬದಲಿಸಿದವರು ಎರಡು ವಾರಗಳೊಳಗೆ ಊರಿನ ಪೌರ ಕಚೇರಿಗೆ ಹೋಗಿ ಹೊಸ ವಿಳಾಸವನ್ನು ನೋಂದಾಯಿಸಿಕೊಳ್ಳಬೇಕು. ಅಲ್ಲಿಯ ನಮೂನೆಯಲ್ಲಿ ಹೆಸರು, ಹುಟ್ಟಿದ ದಿನ, ಹಳೆಯ ವಿಳಾಸಗಳ ಜೊತೆಗೆ ಧರ್ಮವನ್ನು ಕೇಳುವ ಒಂದು ಸಣ್ಣ ಅಂಕಣವಿದೆ. 2024ರ ಬೇಸಿಗೆಯಲ್ಲಿ ನಾವು ಕಾರ್ಲ್ಸ್‌ರೂಹೆಯಿಂದ ಎಸ್ಲಿಂಗೆನ್ ಜಿಲ್ಲೆಯ ಒಂದು ಚಿಕ್ಕ ಊರಿಗೆ ಬಂದಾಗ, ಕಚೇರಿಯ ಹೆಣ್ಣುಮಗಳು ಆ ಅಂಕಣದ ಮೇಲೆ ಬೆರಳಿಟ್ಟು, ಇದು ಹಿಂದಿನಂತೆಯೇ ಇರಲೇ ಎಂದು ಕೇಳಿದಳು. ನಾನು ಹೌದೆಂದೆ. ನನ್ನ ಪತಿ ಒಂದು ಕ್ಷಣ ತಡೆದು ಆಮೇಲೆ ಹೌದೆಂದರು. ಇಲ್ಲ ಎನ್ನಬೇಕಾದರೆ ಅದಕ್ಕೆ ಬೇರೆ ಮೇಜು, ಬೇರೆ ಅರ್ಜಿ, ಬೇರೆ ಶುಲ್ಕ. ಮೂರು ವಾರ ಕಳೆದ ಮೇಲೆ ಮೂವರ ಹೆಸರನ್ನೂ ತಪ್ಪು ತಪ್ಪಾಗಿ ಬರೆದ ಒಂದು ಸ್ವಾಗತಪತ್ರ ಅಂಚೆಯಲ್ಲಿ ಬಂತು. ನಮ್ಮ ಬೀದಿಯ ಕೊನೆಯಲ್ಲಿರುವ ಪ್ರೊಟೆಸ್ಟೆಂಟ್ ಚರ್ಚು ನಮ್ಮನ್ನು ತನ್ನ ಸದಸ್ಯರೆಂದು ಬರಮಾಡಿಕೊಂಡಿತ್ತು. ನಾವು ಹುಡುಕಲು ತೊಡಗುವ ಮೊದಲೇ ಒಂದು ಸಭೆ ನಮ್ಮದಾಗಿಬಿಟ್ಟಿತ್ತು.

ಕರಾವಳಿಯ ಪ್ರೊಟೆಸ್ಟೆಂಟರಾದ ನಾವು ಕಟ್ಟಡವನ್ನು ದೇವಾಲಯವೆಂದೂ ಅದರಲ್ಲಿ ಕೂಡುವ ಜನರನ್ನು ಸಭೆಯೆಂದೂ ಕರೆಯುತ್ತೇವೆ. ಮದುವೆಮನೆಯಲ್ಲಿ ಇಬ್ಬರು ಅಪರಿಚಿತರು ಪಕ್ಕದಲ್ಲಿ ಕುಳಿತರೆ ಮೊದಲು ಹುಟ್ಟುವ ಪ್ರಶ್ನೆ, 'ನಿಮ್ಮದು ಯಾವ ಸಭೆ?' ಉಡುಪಿಯಲ್ಲಿ ಬೆಳೆದ ನನಗೆ ಅದೊಂದು ಪ್ರಶ್ನೆಯೆಂದೇ ತೋರಿರಲಿಲ್ಲ. ಹುಟ್ಟಿದ ಊರು ಸಭೆಯನ್ನು ಕೊಡುತ್ತಿತ್ತು, ಮದುವೆಯಾದ ಹೆಣ್ಣಿಗೆ ಗಂಡನ ಊರು ಇನ್ನೊಂದನ್ನು ಕೊಡುತ್ತಿತ್ತು. ಸಭೆಯನ್ನು ಆರಿಸಿಕೊಳ್ಳುವುದು ಎಂಬ ಮಾತು ನಮ್ಮ ಹಿರಿಯರಿಗೆ ತಾಯಿಯನ್ನು ಆರಿಸಿಕೊಳ್ಳುವುದು ಎಂಬಷ್ಟೇ ವಿಚಿತ್ರವಾಗಿ ಕೇಳಿಸೀತು. ಅದು ಊರು ಬಿಟ್ಟವರ ಪಾಲಿಗೆ ಬರುವ ಭಾಗ್ಯ, ಅಥವಾ ತಲೆನೋವು.

ಈ ಪತ್ರಿಕೆಯ ಓದುಗರಲ್ಲಿ ಹಲವರಿಗೆ ದೇವರ ಗೊಡವೆಯೇ ಇಲ್ಲವೆಂದು ಬಲ್ಲೆ. ಆದರೂ ಹೊಸ ಊರಿನಲ್ಲಿ ಕನ್ನಡ ಸಂಘವನ್ನು ಸೇರಬೇಕೋ ಬೇಡವೋ ಎಂದು ತೂಗಿ ನೋಡಿದವರಿಗೆ, ಯುಗಾದಿಯ ಊಟದಲ್ಲಿ ಮೀನು ಏಕಿಲ್ಲವೆಂದು ಕೇಳಿ ಸುಮ್ಮನಾದವರಿಗೆ, ವೇದಿಕೆಯ ಪ್ರಾರ್ಥನಾ ಗೀತೆ ಯಾರ ಪ್ರಾರ್ಥನೆ ಎಂದು ಯೋಚಿಸಿದವರಿಗೆ, ನಾನು ಹೇಳಹೊರಟಿರುವುದು ಅಪರಿಚಿತವಾಗಲಾರದು.

ಮೊದಲು ಹಣದ ಮಾತು. ಜರ್ಮನಿಯಲ್ಲಿ ಎರಡು ದೊಡ್ಡ ಚರ್ಚುಗಳ ಸದಸ್ಯರಾದವರು ಚರ್ಚಿನ ತೆರಿಗೆ ಕೊಡುತ್ತಾರೆ. ಸಂಬಳದಿಂದಲೇ ಅದನ್ನು ಮುರಿದುಕೊಳ್ಳಲಾಗುತ್ತದೆ. ಬವೇರಿಯ ಮತ್ತು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಗಳಲ್ಲಿ ಅದು ಆದಾಯ ತೆರಿಗೆಯ ಶೇಕಡಾ 8, ಉಳಿದೆಡೆ ಶೇಕಡಾ 9. ವರ್ಷಕ್ಕೆ 10,000 ಯೂರೋ ಆದಾಯ ತೆರಿಗೆ ಕಟ್ಟುವವನು ಇಲ್ಲಿ ಇನ್ನೊಂದು 800 ಯೂರೋವನ್ನು ಚರ್ಚಿಗೆ ಕೊಟ್ಟಿರುತ್ತಾನೆ. ಈ ಕಾರಣಕ್ಕೇ ಭಾರತದಿಂದ ಬರುವ ಕ್ರೈಸ್ತ ಇಂಜಿನಿಯರುಗಳಲ್ಲಿ ಅನೇಕರು ಮೊದಲ ದಿನವೇ ಆ ಅಂಕಣದಲ್ಲಿ 'ಯಾವುದೂ ಇಲ್ಲ' ಎಂದು ಬರೆದು, ಭಾನುವಾರ ಮಾತ್ರ ನಿಷ್ಠೆಯಿಂದ ಆರಾಧನೆಗೆ ಹೋಗುತ್ತಾರೆ. ನಮಗಿಂತ ಮೊದಲು ಬಂದ ಹಿತೈಷಿಗಳು ನಮಗೂ ಅದನ್ನೇ ಸೂಚಿಸಿದ್ದರು. ಕಾಗದದ ಮೇಲೆ ದೇವರನ್ನು ಅಲ್ಲಗಳೆದು ಪೀಠದ ಮುಂದೆ ಹಾಡುವುದು ಪೇತ್ರನ ಕೋಳಿ ಕೂಗಿದ ರಾತ್ರಿಯನ್ನು ನೆನಪಿಸುತ್ತದೆಂದು ನಾನು ಅಂದು ಗೊಣಗಿದ್ದುಂಟು. ಆದರೆ ನನ್ನ ಪತಿಯ ವಾದ ಬೇರೆ. ಅವರು ಬೆಟಗೇರಿಯವರು. ಅಲ್ಲಿಯ ಬಾಸೆಲ್ ಮಿಶನ್ ಆಸ್ಪತ್ರೆಯನ್ನು ಜನ ಈಗಲೂ ಜರ್ಮನ್ ಆಸ್ಪತ್ರೆ ಎನ್ನುತ್ತಾರೆ. 'ಈ ತೆರಿಗೆಯ ಹಣವನ್ನು ಆ ಆಸ್ಪತ್ರೆಗೆ ಕಳಿಸಿದರೆ ತಪ್ಪೇನು? ಇಲ್ಲಿ ಖಾಲಿ ಬೆಂಚುಗಳನ್ನು ಬಿಸಿಯಾಗಿಡುವುದಕ್ಕೆ ನಾವೇಕೆ ದುಡ್ಡು ಕೊಡಬೇಕು?' ಎಂದು ಅವರು ಕೇಳಿದಾಗ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಬೆಂಚುಗಳು ಖಾಲಿಯಾಗುತ್ತಿರುವುದು ನಿಜವೇ. 2022ರಲ್ಲಿ ಕೆಥೋಲಿಕ್ ಮತ್ತು ಪ್ರೊಟೆಸ್ಟೆಂಟ್ ಚರ್ಚುಗಳ ಸದಸ್ಯರ ಒಟ್ಟು ಸಂಖ್ಯೆ ದೇಶದ ಜನಸಂಖ್ಯೆಯ ಅರ್ಧಕ್ಕಿಂತ ಕೆಳಗಿಳಿಯಿತು.

ಆದ್ದರಿಂದ ಒಂದು ಒಪ್ಪಂದಕ್ಕೆ ಬಂದೆವು. ಅಂಚೆಯಲ್ಲಿ ಬಂದ ಸಭೆಯೇ ನಮ್ಮದೆಂದು ಕಣ್ಣು ಮುಚ್ಚಿ ಒಪ್ಪುವುದು ಬೇಡ, ಸುತ್ತ ಇರುವವುಗಳನ್ನು ನೋಡೋಣ. ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಮಗಳಿಗೆ ಹದಿಮೂರು ತುಂಬುವುದರಲ್ಲಿತ್ತು. ಇಲ್ಲಿ ಹದಿನಾಲ್ಕರ ಆಸುಪಾಸಿನಲ್ಲಿ ದೃಢೀಕರಣ ನಡೆಯುತ್ತದೆ, ಅದಕ್ಕೆ ಸುಮಾರು ಒಂದು ವರ್ಷದ ಪಾಠ. ಶಿಶುವಾಗಿದ್ದಾಗ ತಂದೆತಾಯಿ ಕೊಡಿಸಿದ ದೀಕ್ಷಾಸ್ನಾನಕ್ಕೆ ಮಗು ತಾನೇ ಹೌದೆನ್ನುವ ದಿನವದು. ಯಾವ ಜನರ ಎದುರಿಗೆ ಅವಳು ಹೌದೆನ್ನಬೇಕು ಎಂಬುದು ಸಣ್ಣ ವಿಷಯವೆಂದು ನನಗೆ ಅನ್ನಿಸಲಿಲ್ಲ.

ಮೊದಲು ಹೋದದ್ದು ಭಾರತೀಯರ ಒಂದು ಅನ್ಯೋನ್ಯ ಕೂಟಕ್ಕೆ. ಬಾಡಿಗೆಯ ಸಭಾಂಗಣ, ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದುಕೊಂಡರು. ಆರಾಧನೆ ಇಂಗ್ಲಿಷಿನಲ್ಲಿ, ಹಾಡು ಮಲಯಾಳದಲ್ಲಿ, ತಮಿಳಿನಲ್ಲಿ, ಕೊನೆಗೆ ನಮ್ಮ ಗೌರವಾರ್ಥ ಒಂದು ಕನ್ನಡದಲ್ಲಿ. ಊಟಕ್ಕೆ ಬಿರಿಯಾನಿ. ಹನ್ನೊಂದು ವರ್ಷಗಳಲ್ಲಿ ಯಾವ ಜರ್ಮನ್ ಚರ್ಚಿನಲ್ಲೂ ದೊರೆಯದ ಆದರ ಅಲ್ಲಿ ಒಂದೇ ಮಧ್ಯಾಹ್ನದಲ್ಲಿ ದೊರೆಯಿತು. ನನ್ನ ತಾಯಿ ತೀರಿಕೊಂಡ ಚಳಿಗಾಲದಲ್ಲಿ ನಾವು ಇಲ್ಲಿದ್ದಿದ್ದರೆ ಇವರು ಹದಿನೈದು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಗೊಡುತ್ತಿರಲಿಲ್ಲ ಎಂದು ಅನ್ನಿಸಿ ಕಣ್ಣು ತುಂಬಿತು.

ಊಟದ ನಡುವೆ ಒಬ್ಬ ಹಿರಿಯರು ನನ್ನ ಮನೆತನ ವಿಚಾರಿಸಿದರು. ಉಡುಪಿ ಎಂದೆ. ಉಡುಪಿಯಲ್ಲಿ ಎಲ್ಲಿ? ತಂದೆಯ ಕಡೆ ಏನು ಕೆಲಸ? ಅಜ್ಜನ ಕಾಲದಲ್ಲಿ? ಮಲ್ಪೆಯ ಹಂಚಿನ ಕಾರ್ಖಾನೆ ಎಂದೆ. 'ಹಾಗಾದರೆ ಮಿಶನ್ನಿನವರು' ಎಂದು ಅವರು ನಕ್ಕು, ತಮ್ಮ ಕುಟುಂಬ ಅಪೊಸ್ತಲನ ಕಾಲದಿಂದಲೇ ಕ್ರೈಸ್ತರೆಂದು ತಿಳಿಸಿ, ಇನ್ನಷ್ಟು ಅನ್ನ ಬಡಿಸಿದರು. ಕೇಡಿನ ಮಾತೇನೂ ಅಲ್ಲ. ಆದರೆ ಎಲ್ಲ ಕನ್ನಡಿಗರಿಗೂ ಈ ಪ್ರಶ್ನಾವಳಿಯ ದಾರಿ ಗೊತ್ತು. ಅದು ಎಲ್ಲಿಂದ ಹೊರಟರೂ ಒಂದೇ ನಿಲ್ದಾಣದಲ್ಲಿ ನಿಲ್ಲುತ್ತದೆ.

ನನ್ನ ಮುತ್ತಜ್ಜ ಬಿಲ್ಲವರು, ಮೂರ್ತೆಯ ಕೆಲಸದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜಾತಿಯನ್ನು ಬಿಟ್ಟೇ ಬರಬೇಕೆಂದು ಪಟ್ಟು ಹಿಡಿದಿತ್ತು. ಹಾಗೆ ಬಂದವರಿಗೆ ಮನೆಯೂ ಹೋಯಿತು, ಕಸುಬೂ ಹೋಯಿತು. ಅವರಿಗೆ ಅನ್ನದ ದಾರಿ ಮಾಡಿಕೊಡಲು ಹುಟ್ಟಿದವುಗಳಲ್ಲಿ ನೇಯ್ಗೆಯ ಮಗ್ಗಗಳಿದ್ದವು, 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ ಇತ್ತು. ಕರಾವಳಿಯ ಅರ್ಧ ಮನೆಗಳ ಮಾಡು ಜಾತಿ ಕಳೆದುಕೊಂಡವರ ಕೈಯಿಂದ ಬಂದದ್ದೆಂದು ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದರು. ಅದೇ ಅಜ್ಜ ಮಗಳ ಮದುವೆಗೆ ಗಂಡು ನೋಡುವಾಗ 'ನಮ್ಮ ಪೈಕಿಯೇ' ಎಂಬ ಮಾತನ್ನು ಬಳಸುತ್ತಿದ್ದುದನ್ನೂ ಕೇಳಿದ್ದೇನೆ. ನಮ್ಮವರು ಬಿಟ್ಟದ್ದು ಜಾತಿಯ ಹೆಸರನ್ನು, ಲೆಕ್ಕವನ್ನಲ್ಲ. ಇತ್ತ ಭಾರತ ಸರ್ಕಾರದ 1950ರ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಗಳ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ತೆರೆದ ಬಾಗಿಲು ಇವರಿಗೆ ಇಂದಿಗೂ ತೆರೆದಿಲ್ಲ. ಕ್ರೈಸ್ತರಲ್ಲಿ ಜಾತಿ ಇಲ್ಲವೆಂದು ಕಾನೂನು ಹೇಳುತ್ತದೆ, ಬಿರಿಯಾನಿಯ ತಟ್ಟೆ ಹಿಡಿದ ಹಿರಿಯರಿಗೆ ಅದಕ್ಕಿಂತ ಚೆನ್ನಾಗಿ ಗೊತ್ತು.

ಎರಡನೆಯ ಭಾನುವಾರವೂ ಹೋದೆವು. ಊರಿನಲ್ಲಿ ಕ್ರೈಸ್ತರ ಮೇಲೆ ನಡೆಯುವ ಹಲ್ಲೆಗಳಿಗಾಗಿ ದೀರ್ಘವಾದ ಪ್ರಾರ್ಥನೆ ನಡೆಯಿತು. ಅದು ಬೇಕಾದದ್ದೇ. 2008ರಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾದ ದಿನಗಳು ನನಗೆ ಮರೆತಿಲ್ಲ. ಪ್ರಾರ್ಥನೆಯ ವಿಷಯಗಳಿದ್ದರೆ ಹೇಳಿ ಎಂದಾಗ ನಾನು, ಅದೇ ಕೈಗಳಿಂದ ಪೆಟ್ಟು ತಿನ್ನುವ ಮುಸ್ಲಿಮರಿಗಾಗಿಯೂ ಬೇಡೋಣವೇ ಎಂದೆ. ಯಾರೂ ಬೇಡವೆನ್ನಲಿಲ್ಲ. ಮುಂದಿನ ವಿಷಯಕ್ಕೆ ಹೋದರು. ಮಕ್ಕಳ ಶಿಬಿರದ ಜವಾಬ್ದಾರಿ ಯಾರದು, ಮಕ್ಕಳ ಸುರಕ್ಷತೆಗೆ ಬರೆದಿಟ್ಟ ನಿಯಮಗಳಿವೆಯೇ ಎಂದು ಕೇಳಿದ್ದಕ್ಕೆ ಬಂದ ಉತ್ತರ, 'ಸಿಸ್ಟರ್, ನಾವೆಲ್ಲ ಒಂದೇ ಕುಟುಂಬ.'

ಈ ಉತ್ತರ ನನ್ನನ್ನು ಉಳಿದೆಲ್ಲಕ್ಕಿಂತ ಹೆಚ್ಚು ಹೆದರಿಸಿತು. ಜರ್ಮನಿಯ ಪ್ರೊಟೆಸ್ಟೆಂಟ್ ಚರ್ಚಿನಲ್ಲಿ ನಡೆದ ಲೈಂಗಿಕ ದೌರ್ಜನ್ಯಗಳನ್ನು ಕುರಿತ ಅಧ್ಯಯನ 2024ರ ಜನವರಿಯಲ್ಲಿ ಹೊರಬಂದಿತ್ತು. ಕನಿಷ್ಠ 2225 ಬಾಧಿತರು, 1259 ಮಂದಿ ಆರೋಪಿತರು. ಚರ್ಚುಗಳು ಸಿಬ್ಬಂದಿಯ ಕಡತಗಳನ್ನು ಪೂರ್ತಿಯಾಗಿ ಒದಗಿಸಲಿಲ್ಲವೆಂದು ಸಂಶೋಧಕರೇ ದೂರಿದ್ದರು, ಆದ್ದರಿಂದ ಲೆಕ್ಕ ಅಲ್ಲಿಗೇ ಮುಗಿಯುವಂಥದ್ದಲ್ಲ. ಕೆಥೋಲಿಕರ ಮನೆಯ ಪಿಡುಗೆಂದು ಬಹುಕಾಲ ನೆಮ್ಮದಿಯಿಂದಿದ್ದ ನಾವು ನಮ್ಮ ಮನೆಯ ಕಸವನ್ನು ಕಂಡೆವು. ಇಂಥ ಎಡೆಗಳಲ್ಲೆಲ್ಲ ಸತ್ಯವನ್ನು ಮುಚ್ಚಿದ ಹೊದಿಕೆಯ ಹೆಸರು ಬಹುಶಃ ಕುಟುಂಬವೆಂದೇ ಇದ್ದಿರಬೇಕು. ಸಭೆಯನ್ನು ಹುಡುಕುವ ತಾಯಿತಂದೆಯರಿಗೆ ನಾನು ಕೊಡಬಲ್ಲ ಸಲಹೆ ಒಂದೇ ಆದರೆ ಅದು ಇದು: ಬೋಧನೆಯನ್ನು ಕೇಳುವ ಮೊದಲು ಆ ನಿಯಮಗಳ ಕಡತವನ್ನು ಕೇಳಿ. ಕೇಳಿದ್ದಕ್ಕೆ ಯಾರಾದರೂ ನೊಂದುಕೊಂಡರೆ ಅಲ್ಲಿಂದ ಎದ್ದು ಬನ್ನಿ.

ಕಡತದ ವಿಷಯದಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ನಾವು ನೋಡಿದ ಎರಡನೆಯ ಸ್ಥಳ, ಇಂಗ್ಲಿಷಿನಲ್ಲಿ ಆರಾಧನೆ ನಡೆಸುವ ಒಂದು ಸ್ವತಂತ್ರ ಚರ್ಚು. ಮಕ್ಕಳ ಕೋಣೆಯ ಬಾಗಿಲಿಗೆ ಗಾಜು, ಪ್ರತಿ ಕೋಣೆಯಲ್ಲಿ ಇಬ್ಬರು ಹಿರಿಯರು, ಎಲ್ಲರ ಪೊಲೀಸ್ ಪ್ರಮಾಣಪತ್ರ. ಕಾಫಿ ಚೆನ್ನಾಗಿತ್ತು. ಗಿಟಾರು, ಡ್ರಮ್ಮು, ಪರದೆಯ ಮೇಲೆ ಹಾಡಿನ ಸಾಲುಗಳು. ಸುಮಾರು ಮೂವತ್ತು ದೇಶಗಳ ಜನ. ಮಗಳಿಗೆ ಬಹಳ ಹಿಡಿಸಿತು. ಬಾಗಿಲ ಮೇಲೆ ಎಲ್ಲರಿಗೂ ಸ್ವಾಗತವೆಂದು ಬರೆದಿತ್ತು. ಸದಸ್ಯರಾಗುವವರು ರುಜು ಹಾಕಬೇಕಾದ ಪತ್ರದ ಕೊನೆಯ ಪುಟದಲ್ಲಿ ಮಾತ್ರ, ಸಲಿಂಗ ಸಂಬಂಧದಲ್ಲಿರುವವರು ಆರಾಧನೆಗೆ ಬರಬಹುದು, ಹಾಡುವ ತಂಡದಲ್ಲಾಗಲಿ ಮಕ್ಕಳಿಗೆ ಪಾಠ ಹೇಳುವಲ್ಲಾಗಲಿ ಸೇವೆ ಮಾಡುವಂತಿಲ್ಲ ಎಂದಿತ್ತು. ಹಿರಿಯರ ಮಂಡಳಿಯಲ್ಲಿ ಹೆಂಗಸರಿರಲಿಲ್ಲ. ಅದಕ್ಕೂ ಒಂದು ವಾಕ್ಯವಿತ್ತು.

ಸ್ವಾಗತ ಎಂಬ ಶಬ್ದದ ಬಗ್ಗೆ ನನಗೆ ಅಂದಿನಿಂದ ಗುಮಾನಿ. ನಮ್ಮ ಕಡೆ ಹೊರಗಿನ ಜಗಲಿಯಲ್ಲಿ ಕೂರಿಸಿ ಬಾಳೆಲೆಯಲ್ಲಿ ಹೊಟ್ಟೆ ತುಂಬ ಬಡಿಸುತ್ತಿದ್ದ ಮನೆಗಳೂ ಸ್ವಾಗತವನ್ನೇ ಮಾಡುತ್ತಿದ್ದವು. ಬಂದವನು ಒಳಗೆ ಹೋಗಿ ಬಡಿಸಬಹುದೇ ಎಂಬುದು ಬೇರೆ ಪ್ರಶ್ನೆ. ಕನ್ನಡ ಸಂಘಕ್ಕೂ ಇದೇ ಅಳತೆ ಸಲ್ಲುತ್ತದೆ. ಯಾರು ಬರಬಹುದು ಎಂಬುದನ್ನು ಬಿಟ್ಟು, ಅಡುಗೆಮನೆಯ ಬೀಗದ ಕೈ ಯಾರಲ್ಲಿದೆ ಎಂದು ನೋಡಿದರೆ ಸಾಕು.

ಮನೆಗೆ ಹೋಗುವ ಟ್ರಾಮಿನಲ್ಲಿ ಮಗಳಿಗೆ ಆ ಪುಟವನ್ನು ತೋರಿಸಿದೆ. ಅವಳು ಓದಿ, 'ಹಾಗಾದರೆ ಲೀನಾಳ ಅಮ್ಮಂದಿರು?' ಎಂದಳು. ಹೆಸರು ಬದಲಿಸಿದ್ದೇನೆ. ಕಾರ್ಲ್ಸ್‌ರೂಹೆಯಲ್ಲಿ ಅವಳ ಆಪ್ತ ಗೆಳತಿಗೆ ಇಬ್ಬರು ತಾಯಂದಿರು. ಅವರ ಮದುವೆಯನ್ನು ಅಲ್ಲಿಯ ಚರ್ಚೇ ನೆರವೇರಿಸಿತ್ತು, ಬಾಡೆನ್ ಪ್ರಾಂತದ ಚರ್ಚು 2016ರಲ್ಲೇ ಅದಕ್ಕೆ ಒಪ್ಪಿದೆ. ಆ ಇಬ್ಬರಲ್ಲಿ ಒಬ್ಬರು ಮಕ್ಕಳ ಭಾನುವಾರದ ಪಾಠ ನಡೆಸುತ್ತಿದ್ದರು, ನನ್ನ ಮಗಳಿಗೆ ಯೋನನ ಕಥೆ ಹೇಳಿಕೊಟ್ಟವರು ಅವರೇ. ಇನ್ನು ಆ ಗಿಟಾರಿನ ಚರ್ಚಿನ ವಿಷಯ ಮನೆಯಲ್ಲಿ ಏಳಲಿಲ್ಲ.

ಉಳಿದದ್ದು ಅಂಚೆಯಲ್ಲಿ ಬಂದ ಸಭೆ, ಮನೆಯಿಂದ ನಾನೂರು ಹೆಜ್ಜೆ. ನಾನೂರು ಜನ ಕೂರುವ ದೇವಾಲಯದಲ್ಲಿ ಮೂವತ್ತೊಂದು ತಲೆಗಳನ್ನು ಎಣಿಸಿದೆ, ನಾವು ಮೂವರೂ ಸೇರಿ. ಹೆಚ್ಚಿನವು ಬೆಳ್ಳಗಿದ್ದವು. ಬೋಧಿಸಿದವರು ಒಬ್ಬ ಸಭಾಪಾಲಕಿ. ಆರಾಧನೆಯಲ್ಲಿ ಆಡಂಬರವೇ ಇಲ್ಲ, ವ್ಯುರ್ಟೆಂಬರ್ಗಿನ ಲೂಥರನರ ಪದ್ಧತಿ ಹಾಗೆ: ಹಾಡು, ವಾಕ್ಯ, ಬೋಧನೆ, ಆಶೀರ್ವಾದ. ಮೂರು ಭಾನುವಾರ ಯಾರೂ ನಮ್ಮನ್ನು ಮಾತನಾಡಿಸಲಿಲ್ಲ. ನಾಲ್ಕನೆಯ ವಾರ ಮುಂದಿನ ಬೆಂಚಿನ ಮುದುಕಿಯೊಬ್ಬರು ತಿರುಗಿ, ಹಾಡಿನ ಪುಸ್ತಕ ತೆರೆದು ಕೊಟ್ಟು, ಮತ್ತೆ ಮುಂದಕ್ಕೆ ತಿರುಗಿದರು. ಆರ್ಗನ್ ನುಡಿಸತೊಡಗಿದಾಗ ನನ್ನ ಬಾಯಿಂದ ಕನ್ನಡ ಹೊರಟಿತು. ಉಡುಪಿಯಲ್ಲಿ ಹಾಡಿ ಬೆಳೆದ ಸಂಗೀತವೊಂದರ ರಾಗ ಅದು. ಬಾಸೆಲ್ ಮಿಶನ್ನಿನವರು ಜರ್ಮನ್ ರಾಗಗಳನ್ನು ತಂದು ಕನ್ನಡದ ಮಾತು ತುಂಬಿದ್ದರೆಂದು ತಿಳಿದಿದ್ದೆ. ಆದರೂ ಅದನ್ನು ಅದರ ತವರಿನಲ್ಲಿ ಕೇಳಿದಾಗ, ನಮ್ಮ ಮನೆಯ ಹಳೆಯ ಪಾತ್ರೆಯನ್ನು ಬೇರೊಬ್ಬರ ಅಡುಗೆಮನೆಯಲ್ಲಿ ಕಂಡಂತಾಯಿತು.

ಈ ಭಾವುಕತೆಯನ್ನು ನಂಬಬಾರದೆಂದು ನನಗೆ ನಾನೇ ಹೇಳಿಕೊಂಡೆ. ಈ ನಾಡಿಗೂ ಕನ್ನಡಕ್ಕೂ ನಂಟಿರುವುದು ನಿಜ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇಲ್ಲಿಗೆ ದೂರವಲ್ಲದ ಬ್ರಾಕೆನ್‌ಹೈಮಿನಲ್ಲಿ, ತೀರಿಕೊಂಡದ್ದು 1881ರಲ್ಲಿ ಎಸ್ಲಿಂಗೆನ್ನಿನಲ್ಲೇ. 1894ರ ನಿಘಂಟಿನ ಕಿಟ್ಟೆಲ್ ಕೊನೆಯುಸಿರೆಳೆದದ್ದು ಟ್ಯೂಬಿಂಗೆನ್ನಿನಲ್ಲಿ. ಕನ್ನಡ ಸಮ್ಮೇಳನಗಳ ಭಾಷಣಗಳಲ್ಲಿ ಈ ಎರಡು ಹೆಸರುಗಳು ಬಾರದಿರುವುದಿಲ್ಲ. ಆದರೆ ಹಾಡಿನ ಪುಸ್ತಕ ಕೊಟ್ಟ ಆ ಹಿರಿಯ ಮಹಿಳೆ, ನಾನು ಮಂಗಳೂರಿನ ಕಡೆಯವಳೆಂದು ತಿಳಿದ ಮೇಲೆ ತಮ್ಮ ಬಾಲ್ಯದ ಒಂದು ವಸ್ತುವನ್ನು ನೆನೆದರು. ಭಾನುವಾರದ ಶಾಲೆಯಲ್ಲಿ ಮಿಶನ್ನಿಗಾಗಿ ಇಟ್ಟಿದ್ದ ಕಾಣಿಕೆಯ ಡಬ್ಬಿ, ಅದರ ಮೇಲೆ ಮೊಣಕಾಲೂರಿದ ಒಬ್ಬ ಕಪ್ಪು ಹುಡುಗನ ಬೊಂಬೆ. ನಾಣ್ಯ ಹಾಕಿದರೆ ಬೊಂಬೆ ತಲೆಬಾಗಿಸಿ ವಂದಿಸುತ್ತದೆ. ಅದನ್ನು ನೋಡಲಿಕ್ಕೆಂದೇ ಮಕ್ಕಳು ನಾಣ್ಯ ಹಾಕುತ್ತಿದ್ದರಂತೆ. ಅವರು ಅದನ್ನು ಹೇಳುವಾಗ ನಾಚಿಕೊಂಡಿದ್ದರು. ನಾನು ಏನೂ ಹೇಳಲಿಲ್ಲ. ನನ್ನ ಮುತ್ತಜ್ಜಿ ಓದು ಕಲಿತ ಶಾಲೆಗೆ ಅಂಥ ನಾಣ್ಯಗಳೂ ಬಂದಿರಬೇಕು. ಆ ಅಕ್ಷರದಿಂದ ನಾನು ಇಲ್ಲಿಯವರೆಗೆ ಬಂದಿದ್ದೇನೆ, ಆ ಬೊಂಬೆಯ ಕುತ್ತಿಗೆಯ ನೋವೂ ನನ್ನದೇ. ಇದರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂದಿರುಗಿಸಲು ಬರುವುದಿಲ್ಲ.

ಸಭಾಪಾಲಕಿಯನ್ನು ಮನೆಗೆ ಕರೆದೆವು. ಕಡತ ಕೇಳಿದೆ, ಚೀಲದಿಂದಲೇ ತೆಗೆದುಕೊಟ್ಟರು. ತೆರಿಗೆಯ ಹಣ ಎಲ್ಲಿಗೆ ಹೋಗುತ್ತದೆಂದು ನನ್ನ ಪತಿ ಕೇಳಿದರು. ಶಿಶುವಿಹಾರ, ವೃದ್ಧರ ಮನೆಗೆ ಹೋಗುವ ದಾದಿಯರು, ನಿರಾಶ್ರಿತರ ಸಲಹಾ ಕೇಂದ್ರ, ಸಂಬಳ, ಪಿಂಚಣಿ, ಸೋರುವ ಮಾಡು ಎಂದು ಅವರು ಬೆರಳು ಮಡಚಿದರು. ಕೊನೆಗೆ ಮಗಳು ತನ್ನ ಪ್ರಶ್ನೆ ಕೇಳಿದಳು: 'ಲೀನಾಳ ಅಮ್ಮಂದಿರು ಇಲ್ಲಿ ಮದುವೆಯಾಗಬಹುದಿತ್ತೇ?'

ಆಗ ತಿಳಿದ ಸಂಗತಿ ವಿಚಿತ್ರವಾಗಿತ್ತು. ಬಾಡೆನ್ ಮತ್ತು ವ್ಯುರ್ಟೆಂಬರ್ಗ್ ಈಗ ಒಂದೇ ರಾಜ್ಯ, ಆದರೆ ಚರ್ಚುಗಳು ಇಂದಿಗೂ ಎರಡು. ನೂರು ಕಿಲೋಮೀಟರಿಗಿಂತ ಕಡಿಮೆ ದೂರ ಬಂದ ನಾವು, ಹೆಣ್ಣೊಬ್ಬರು ಬಿಷಪ್ ಆಗಿರುವ ಚರ್ಚಿನಿಂದ ಈವರೆಗೆ ಗಂಡಸರೇ ಬಿಷಪ್ಪರಾಗಿರುವ ಚರ್ಚಿಗೆ ಬಂದಿದ್ದೆವು. (ಹಿಂದುಳಿದವರೆಂದು ಇವರು ಕನಿಕರಿಸುವ ನಮ್ಮ ದಕ್ಷಿಣ ಭಾರತ ಸಭೆ 2013ರಲ್ಲೇ ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ ಮಾಡಿತು ಎಂಬುದನ್ನು ಹೇಳದೆ ಇರಲಾರೆ.) ವ್ಯುರ್ಟೆಂಬರ್ಗಿನ ಮಹಾಸಭೆ 2019ರಲ್ಲಿ ಒಂದು ರಾಜಿಗೆ ಬಂದಿತ್ತು. ಸಲಿಂಗ ದಂಪತಿಗಳನ್ನು ದೇವಾಲಯದಲ್ಲಿ ಆಶೀರ್ವದಿಸಬಹುದು, ಆದರೆ ಹೆಚ್ಚೆಂದರೆ ನಾಲ್ಕನೆಯ ಒಂದರಷ್ಟು ಸಭೆಗಳಲ್ಲಿ ಮಾತ್ರ. ಪ್ರತಿ ಸಭೆಯೂ ತಾನೇ ತೀರ್ಮಾನಿಸಿ ಅದಕ್ಕೆ ಮುಂದಾಗಬೇಕು. 'ನಮ್ಮ ಸಭೆ ಮುಂದಾಗಿಲ್ಲ' ಎಂದರು ಸಭಾಪಾಲಕಿ. 'ನಾನು ಕೇಳಿದ್ದೆ. ಸಭಾಮಂಡಳಿಯಲ್ಲಿ ಸಾಕಷ್ಟು ಮತ ಬೀಳಲಿಲ್ಲ.' ಪಕ್ಕದ ಊರಿನ ಸಭೆ ಒಪ್ಪಿದೆ, ಅರ್ಜಿ ಕೊಟ್ಟರೆ ಅಲ್ಲಿಗೆ ವರ್ಗವಾಗಬಹುದು ಎಂದೂ ಅವರೇ ಹೇಳಿದರು.

ದೇವರ ಆಶೀರ್ವಾದಕ್ಕೂ ನಾಲ್ಕನೆಯ ಒಂದರ ಮಿತಿ! ಅಂದು ರಾತ್ರಿ ನನ್ನ ಪತಿ ನಗುತ್ತಲೇ ಇದ್ದರು. ಮಗಳು ನಗಲಿಲ್ಲ.

ಪಕ್ಕದ ಊರಿಗೆ ವರ್ಗವಾಗುವುದು ಸುಲಭವಿತ್ತು. ಬಸ್ಸಿನಲ್ಲಿ ಹನ್ನೆರಡು ನಿಮಿಷ. ಅಲ್ಲಿ ನಮ್ಮಂಥ ವಿಚಾರದವರು, ಪುಸ್ತಕ ಓದುವವರು, ನ್ಯಾಯಬೆಲೆಯ ಕಾಫಿ ಕುಡಿಯುವವರು ಹೆಚ್ಚು. ಹೋಗೋಣವೆಂದೇ ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದೆ: ಕುಲ ನೋಡಿ ಕೂಡುವವರನ್ನು ಬಿಟ್ಟು ಬಂದು ವಿಚಾರ ನೋಡಿ ಕೂಡುವವರನ್ನು ಸೇರಿದರೆ, ಅದು ಇನ್ನೊಂದು ಬಗೆಯ 'ನಮ್ಮ ಪೈಕಿ'ಯೇ ಅಲ್ಲವೇ? ಪ್ರಗತಿಪರರೆನಿಸಿಕೊಂಡ ನಮಗೆ ಈ ಅಭ್ಯಾಸ ಬಲವಾಗಿದೆ. ಒಪ್ಪದ ಜನರಿರುವ ಕೋಣೆಯಿಂದ ಎದ್ದು ಹೊರಟು ಅದನ್ನು ತತ್ವನಿಷ್ಠೆ ಎಂದು ಕರೆದುಕೊಳ್ಳುತ್ತೇವೆ. ಎಷ್ಟೋ ಕನ್ನಡ ಸಂಘಗಳನ್ನು ನಾವು ಹೀಗೆ ಬಿಟ್ಟುಕೊಟ್ಟೆವು, ಈಗ ಅಲ್ಲಿ ಯಾರ ಭಾಷಣಗಳು ನಡೆಯುತ್ತವೆಂದು ಕೊರಗುತ್ತೇವೆ. ಎದ್ದು ಹೋಗಲೇಬೇಕಾದ ಜಾಗಗಳಿವೆ. ಮಗುವಿನ ಸುರಕ್ಷತೆಯ ಪ್ರಶ್ನೆಗೆ ಕುಟುಂಬವೆಂಬ ಉತ್ತರ ಬಂದ ಕಡೆ ಅರೆಗಳಿಗೆಯೂ ನಿಲ್ಲಬಾರದು. ಕೇಳಲು ದಾರಿಯೇ ಇಲ್ಲದ ಕಡೆ, ಹಿರಿಯರ ಮಂಡಳಿ ತನ್ನನ್ನು ತಾನೇ ನೇಮಿಸಿಕೊಳ್ಳುವ ಕಡೆ, ಉಳಿದು ಮಾಡುವುದೇನೂ ಇಲ್ಲ. ಇಲ್ಲಿ ಹಾಗಿರಲಿಲ್ಲ. ಇಲ್ಲಿ ಚುನಾವಣೆ ಇತ್ತು.

ವ್ಯುರ್ಟೆಂಬರ್ಗಿನ ಚರ್ಚಿನಲ್ಲಿ ಆರು ವರ್ಷಕ್ಕೊಮ್ಮೆ ಸದಸ್ಯರು ಊರಿನ ಸಭಾಮಂಡಳಿಯನ್ನೂ ಪ್ರಾಂತದ ಮಹಾಸಭೆಯನ್ನೂ ನೇರವಾಗಿ ಚುನಾಯಿಸುತ್ತಾರೆ. ಮಹಾಸಭೆಯನ್ನು ಸಾಮಾನ್ಯ ಸದಸ್ಯರೇ ನೇರ ಮತದಿಂದ ಆರಿಸುವುದು ಜರ್ಮನಿಯ ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ ಇಲ್ಲಿ ಮಾತ್ರ. ರಾಜಕೀಯ ಪಕ್ಷಗಳಂತೆಯೇ ಬಣಗಳಿವೆ. ಸಂಪ್ರದಾಯಸ್ಥರ ಬಣಕ್ಕೆ 'ಜೀವಂತ ಸಭೆ' ಎಂದೂ ಉದಾರವಾದಿಗಳ ಬಣಕ್ಕೆ 'ತೆರೆದ ಚರ್ಚು' ಎಂದೂ ಹೆಸರು. ಹದಿನಾಲ್ಕು ತುಂಬಿದ ಯಾವ ಸದಸ್ಯನಿಗೂ ಮತವಿದೆ, ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳುವುದಿಲ್ಲ. ಈ ಮಾತಿನ ತೂಕ ಹೊರದೇಶಗಳಲ್ಲಿರುವ ಓದುಗರಿಗೆ ಗೊತ್ತಾಗುತ್ತದೆ. ಹನ್ನೆರಡು ವರ್ಷಗಳಿಂದ ಈ ದೇಶಕ್ಕೆ ತೆರಿಗೆ ಕಟ್ಟುತ್ತಿರುವ ನಮಗೆ ಸಂಸತ್ತಿನ ಮಾತಿರಲಿ, ಊರಿನ ಪುರಸಭೆಗೂ ಮತ ಹಾಕುವ ಹಕ್ಕಿಲ್ಲ. ನಾಲ್ಕನೆಯ ಒಂದರ ಮಿತಿ ಹಾಕಿದ ಈ ಹಳೆಯ ಚರ್ಚು ಮಾತ್ರ, ಭಾರತದ ಪಾಸ್‌ಪೋರ್ಟಿನ ಹೆಂಗಸೊಬ್ಬಳ ಕೈಗೆ ಮತಪತ್ರ ಕೊಟ್ಟಿತು. ಚರ್ಚಿನ ತೆರಿಗೆಯ ಬಗ್ಗೆ ನನ್ನ ಪತಿ ವಾದ ನಿಲ್ಲಿಸಿದ್ದು ಅಂದು. 'ಬೆಟಗೇರಿಗೆ ಬೇರೆಯೇ ಕಳಿಸೋಣ ಬಿಡು' ಎಂದರು, ಈಗ ಕಳಿಸುತ್ತಿದ್ದೇವೆ.

ಮಗಳ ವಿಷಯದಲ್ಲಿ ನಾನು ಸೋತೆನೆಂದು ಒಪ್ಪಿಕೊಳ್ಳಬೇಕು. ಉಳಿದು ಬದಲಿಸೋಣವೆಂಬ ನನ್ನ ಉಪದೇಶವನ್ನೆಲ್ಲ ಕೇಳಿಸಿಕೊಂಡು ಅವಳು ಅಂದದ್ದು: 'ಅಮ್ಮಾ, ನೀವು ಕಾಯಬಹುದು. ಹೌದು ಎನ್ನಬೇಕಾದವಳು ನಾನು. ಲೀನಾ ಬಂದು ಕೂರುವ ದಿನ ಅವಳ ಅಮ್ಮಂದಿರಿಗೆ ಒಪ್ಪಿಗೆಯಿಲ್ಲದ ಕಡೆ ನಾನು ಹೇಗೆ ಹೌದೆನ್ನಲಿ?' 2025ರ ಬೇಸಿಗೆಯಲ್ಲಿ ಅವಳು ಪಕ್ಕದ ಊರಿನ ಸಭೆಯಲ್ಲಿ ದೃಢೀಕರಣದ ಪಾಠಕ್ಕೆ ಸೇರಿದಳು. ಬುಧವಾರ ಮಧ್ಯಾಹ್ನ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಒಂದೇ ಮನೆಯಲ್ಲಿ ಎರಡು ಸಭೆ. ಉಡುಪಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಇದನ್ನು ಫೋನಿನಲ್ಲಿ ವಿವರಿಸಲು ಒಂದು ಗಂಟೆ ಬೇಕಾಯಿತು. ವಿವರಿಸಿದ ಮೇಲೆ ಅವರು ಕೇಳಿದ್ದು, 'ಕ್ರಿಸ್ಮಸ್ಸಿಗೆ ಎಲ್ಲಿಗೆ ಹೋಗುತ್ತೀರಿ?'

ಭಾರತೀಯರ ಕೂಟಕ್ಕೆ ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ, ಒಬ್ಬಳೇ. ಕನ್ನಡದಲ್ಲಿ ಪ್ರಾರ್ಥಿಸದೆ ಒಣಗಿದಂತಾದಾಗ ಬೇರೆ ದಾರಿಯಿಲ್ಲ. ಕರ್ತನ ಪ್ರಾರ್ಥನೆಯನ್ನು ಜರ್ಮನ್ನಿನಲ್ಲಿ ತಪ್ಪಿಲ್ಲದೆ ಹೇಳಬಲ್ಲೆ, ಆದರೆ ಅದು ನಾಲಗೆಯಿಂದ ಕೆಳಗಿಳಿಯುವುದಿಲ್ಲ. ಇದಕ್ಕೆ ಯಾವ ವಾದದಿಂದಲೂ ಪರಿಹಾರ ಕಂಡಿಲ್ಲ. ಆ ಹಿರಿಯರು ಈಗ ನನ್ನ ಮನೆತನ ಕೇಳುವುದಿಲ್ಲ, ಗೊತ್ತಿದೆಯಲ್ಲ. ಮಕ್ಕಳ ಶಿಬಿರದ ನಿಯಮಗಳನ್ನು ಬರೆಯುವ ಕೆಲಸವನ್ನು ಇಬ್ಬರು ಮಲಯಾಳಿ ದಾದಿಯರು ಕೈಗೆತ್ತಿಕೊಂಡಿದ್ದಾರೆ. ನಾನು ಜರ್ಮನ್ ಕಡತದ ಪ್ರತಿಯೊಂದನ್ನು ಕೊಟ್ಟಿದ್ದೇನೆ. ನನ್ನ ಮಗಳನ್ನು ಮಾತ್ರ ಇನ್ನೂ ಕಳಿಸಿಲ್ಲ.

ಚುನಾವಣೆ ನಡೆದದ್ದು 2025ರ ನವ್ಹೆಂಬರ್ 30ರಂದು, ಆಗಮನ ಕಾಲದ ಮೊದಲ ಭಾನುವಾರ. ಅದಕ್ಕೆ ಕೆಲವು ತಿಂಗಳ ಮೊದಲು ಸಭಾಪಾಲಕಿ ನನ್ನನ್ನು ಸಭಾಮಂಡಳಿಗೆ ನಿಲ್ಲುವಿರಾ ಎಂದು ಕೇಳಿದ್ದರು. ತಲೆಬಾಗುವ ಬೊಂಬೆಯ ನೆನಪಾಗಿ ಮೊದಲು ಒಲ್ಲೆನೆಂದೆ. ಬಣ್ಣದ ಮುಖವೊಂದು ಬೇಕಾಗಿದೆಯೇ ಎಂದು ನೇರವಾಗಿಯೇ ಕೇಳಿದೆ. 'ಅದೂ ಬೇಕು,' ಎಂದರು ಅವರು. 'ಅದಕ್ಕಿಂತ ಹೆಚ್ಚಾಗಿ, ನಿಲ್ಲುವವರೇ ಇಲ್ಲ.' ಆ ಪ್ರಾಮಾಣಿಕತೆಗೆ ಸೋತು ನಿಂತೆ. ಹಾಡಿನ ಪುಸ್ತಕದ ಮಹಿಳೆ ನನ್ನ ಕರಪತ್ರವನ್ನು ಬೇಕರಿಯಲ್ಲಿ ಹಂಚಿದರಂತೆ. ಗೆದ್ದ ಎಂಟು ಮಂದಿಯಲ್ಲಿ ಕೊನೆಯವಳು ನಾನು.

ಎರಡು ಸಲ ಮಂಡಳಿ ಸೇರಿದೆ. ಮಾಡು ಸೋರುವುದರ ಬಗ್ಗೆ, ಸಭೆಯ ಹಳೆಯ ಮನೆಯನ್ನು ಮಾರುವುದರ ಬಗ್ಗೆ ಮಾತು ನಡೆದು ರಾತ್ರಿ ಹತ್ತೂವರೆಯಾಯಿತು. ಹಂಚಿನ ಬಗ್ಗೆ ನನಗೆ ವಂಶಪಾರಂಪರ್ಯವಾಗಿ ಸ್ವಲ್ಪ ತಿಳಿವಳಿಕೆ ಇದೆಯೆಂದು ಹೇಳಿದಾಗ ಯಾರಿಗೂ ಅರ್ಥವಾಗಲಿಲ್ಲ, ನಾನು ವಿವರಿಸಲೂ ಇಲ್ಲ. ಮುಂದಿನ ಸಭೆಯ ಕಾರ್ಯಸೂಚಿಗೆ ಏಳನೆಯ ವಿಷಯವೊಂದನ್ನು ಬರೆದು ಕಳಿಸಿದ್ದೇನೆ. ಎಂಟರಲ್ಲಿ ಮೂವರು ವಿರುದ್ಧ ಎಂದು ಗೊತ್ತಿದೆ, ಇಬ್ಬರು ಏನನ್ನೂ ಹೇಳಿಲ್ಲ. ಆ ಇಬ್ಬರಲ್ಲಿ ಒಬ್ಬರು ಹೋದ ವಾರ ದಾರಿಯಲ್ಲಿ ಸಿಕ್ಕಿ, ನಿಮ್ಮ ಮಗಳು ಏಕೆ ನಮ್ಮಲ್ಲಿ ಪಾಠಕ್ಕೆ ಬರುತ್ತಿಲ್ಲ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ನಿಂತು, ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿ ಹೋದರು.